ಒತ್ತಿ, ಉಜ್ಜಬೇಡಿ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೆಲಸ ಮಾಡುತ್ತಿರುವ ಅಮ್ಮಂದಿರು ಇದ್ದೀರಿ. ನಾಳಿದ್ದು ಮಗುವಿಗೆ ಶಾಲೆಯಲ್ಲಿ ಛದ್ಮವೇಷ. ಬಡಾವಣೆಯ ರಾಜ್ಯೋತ್ಸವಕ್ಕೆ ನಾಡಪ್ರಭು ಕೆಂಪೇಗೌಡರ ಪಾತ್ರ ಒಪ್ಪಿಕೊಂಡು, ಬಣ್ಣ ಹಚ್ಚೋರು ಯಾರಪ್ಪಾ ಅಂತ ಯೋಚಿಸುತ್ತಿರುವ ಹುಡುಗರೂ ಇದ್ದೀರಿ. ಇವತ್ತಿನ ಮಾತು ನಿಮಗೆ. ಮೇಕಪ್ಪಿನವರು ಸಿಗಲಿಲ್ಲ ಅಂತ ಯಾರೂ ವೇಷ ಬಿಡಬೇಕಾಗಿಲ್ಲ. ನಿಮ್ಮ ಮುಖಕ್ಕೆ ನೀವೇ ಬಣ್ಣ ಹಚ್ಚಿಕೊಳ್ಳಬಹುದು, ನಿಮ್ಮ ತಲೆಗೆ ನೀವೇ ವಿಗ್ಗು ಕೂರಿಸಿಕೊಳ್ಳಬಹುದು. ಒಂದೇ ಒಂದು ಮಾತು ಮರೆಯಬೇಡಿ. ಒತ್ತಿ, ಉಜ್ಜಬೇಡಿ.

ಮೊದಲು ಸಾಮಾನು. ದಯವಿಟ್ಟು ವಿಡಿಯೊ ನೋಡಿ ಹನ್ನೆರಡು ಡಬ್ಬಿ ತಂದು ರಾಶಿ ಹಾಕಬೇಡಿ. ಬೆಂಗಳೂರಿನ ಬಳೇಪೇಟೆ, ಚಿಕ್ಕಪೇಟೆ ಕಡೆ ಒಂದು ಸುತ್ತು ಹೋದರೆ ನಾಟಕದ ಸಾಮಾನೆಲ್ಲ ಸಿಗುತ್ತದೆ. ನಿಮ್ಮ ಮೈಬಣ್ಣಕ್ಕೆ ಹೊಂದುವ ಒಂದು ಪ್ಯಾನ್‌ಸ್ಟಿಕ್, ಅಂದರೆ ಕಡ್ಡಿಯ ರೂಪದ ಮುಖಬಣ್ಣ, ಅದಕ್ಕಿಂತ ಎರಡು ಛಾಯೆ ಗಾಢವಾದ ಇನ್ನೊಂದು, ಒಂದು ಡಬ್ಬಿ ಪೌಡರ್, ಒಂದು ಪಫ್, ಎರಡು ಸ್ಪಂಜು, ಕಂದು ಬಣ್ಣದ ಹುಬ್ಬಿನ ಪೆನ್ಸಿಲ್, ಕಾಡಿಗೆ. ಸಾಕು. ಕೃಷ್ಣನ ವೇಷಕ್ಕೆ ಬಟ್ಟೆಗೆ ಹಾಕುವ ನೀಲಿ, ತುಟಿಗೆ ಕುಂಕುಮ, ಹೋಳಿ ಬಣ್ಣ, ಚಿತ್ರ ಬರೆಯುವ ಪೇಂಟು, ಇವು ಯಾವುವೂ ಬೇಡವೇ ಬೇಡ. ಅವು ಮುಖದ ತುಂಬ, ತುಟಿಯ ಮೇಲೆ ಹಚ್ಚಲೆಂದು ಮಾಡಿದ ವಸ್ತುಗಳಲ್ಲ. ತಂದ ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಮಡಿಕೆಯಲ್ಲಿ ಕಾಸಿನಗಲ ಹಚ್ಚಿ ನೋಡಿ. ಮರುದಿನದವರೆಗೆ ಕೆಂಪಗಾಗದಿದ್ದರೆ ಮುಖಕ್ಕೆ ಬರಲಿ.

ಹಚ್ಚೋದಕ್ಕೆ ಕೂರುವ ಮುಂಚೆ ಮುಂದೆ ಗುಂಡಿ ಇರುವ ಹಳೇ ಅಂಗಿ ಹಾಕಿಕೊಳ್ಳಿ. ಟೀ ಶರ್ಟು ಹಾಕಿಕೊಂಡು ಕೂತರೆ, ತಲೆಯ ಮೇಲಿಂದ ತೆಗೆಯುವಾಗ ಅರ್ಧ ಮುಖ ಅದಕ್ಕೇ ಅಂಟಿಕೊಂಡು ಹೋಗುತ್ತದೆ. ಮೊದಲು ಕೂದಲನ್ನು ಚಪ್ಪಟೆಯಾಗಿ ಕಟ್ಟಿ, ಆಮೇಲೆ ಮುಖ, ಆಮೇಲೆ ಉಡುಪು, ಆಮೇಲೆ ವಿಗ್ಗು, ಕೊನೆಗೆ ಒಡವೆ. ಈ ಸಾಲು ತಪ್ಪಿದರೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುತ್ತದೆ.

ಮುಖ ತೊಳೆದು, ಒರೆಸಿ, ತೆಳ್ಳಗೆ ಕ್ರೀಮು ಹಚ್ಚಿ ಹತ್ತು ನಿಮಿಷ ಬಿಡಿ. ಒಣ ಗಾಳಿಯ ದಿನಗಳಲ್ಲಿ ಇದು ಬೇಕೇ ಬೇಕು, ಇಲ್ಲದಿದ್ದರೆ ಮೂಗಿನ ಪಕ್ಕ ಬಣ್ಣ ಹೊಟ್ಟು ಹೊಟ್ಟಾಗಿ ಏಳುತ್ತದೆ. ಹಾಗಂತ ಹತ್ತು ನಿಮಿಷದ ಮೇಲೂ ಮುಖ ಜಿಡ್ಡು ಜಿಡ್ಡಾಗಿದ್ದರೆ ಟಿಶ್ಯೂ ಒತ್ತಿ ತೆಗೆಯಿರಿ. ಈಗ ಪ್ಯಾನ್‌ಸ್ಟಿಕ್. ಹಣೆ, ಮೂಗು, ಎರಡು ಕೆನ್ನೆ, ಗದ್ದ, ಐದು ಕಡೆ ಕಡಲೆಕಾಳಿನಷ್ಟು ಇಡಿ. ಸ್ಪಂಜನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ತಟ್ಟುತ್ತಾ ಹರಡಿ. ಕಿವಿ, ಕುತ್ತಿಗೆ, ಕೈ ಮರೆಯಬೇಡಿ. ನೀಲಿ ಮುಖದ ಕೃಷ್ಣನಿಗೆ ಗೋಧಿಬಣ್ಣದ ಕಿವಿ ಇದ್ದರೆ ಹತ್ತನೇ ಸಾಲಿನವರಿಗೂ ಕಾಣುತ್ತದೆ.

ಈಗ ಪೌಡರ್. ಕೆಡುವುದೆಲ್ಲ ಇಲ್ಲಿಯೇ, ಸ್ವಲ್ಪ ಗಮನ ಕೊಟ್ಟು ಕೇಳಿ. ಪ್ಯಾನ್‌ಸ್ಟಿಕ್ ಅಂದರೆ ಮೇಣ, ಎಣ್ಣೆ, ಬಣ್ಣದ ಪುಡಿ. ಅದು ತಾನಾಗಿ ಒಣಗುವ ವಸ್ತುವಲ್ಲ. ಮೇಲಿನ ಎಣ್ಣೆಯನ್ನು ಪೌಡರ್ ಹೀರಿಕೊಂಡಾಗಲೇ ಬಣ್ಣ ನಿಲ್ಲುವುದು. ಪಫ್‌ಗೆ ಪೌಡರ್ ತೆಗೆದುಕೊಂಡು, ಮಡಚಿ, ಅದರೊಳಗೇ ತಿಕ್ಕಿ, ಹೆಚ್ಚಿನದನ್ನು ಕೊಡವಿ. ಬಾಯಿ ಮುಚ್ಚಿ, ಉಸಿರು ಹಿಡಿದು, ಕೆನ್ನೆಯ ಮೇಲಿಟ್ಟು ಒತ್ತಿ. ಎತ್ತಿ, ಪಕ್ಕದಲ್ಲಿ ಇಟ್ಟು ಒತ್ತಿ. ಎಳೆದಿರೋ, ಪೌಡರ್ ಎಣ್ಣೆಯ ಜೊತೆ ಕಲಸಿ ಹಿಟ್ಟಾಗುತ್ತದೆ, ಪಟ್ಟೆ ಪಟ್ಟೆ ಏಳುತ್ತದೆ, ಅಡಿಯ ಚರ್ಮ ಇಣುಕುತ್ತದೆ. ಎರಡು ನಿಮಿಷ ಬಿಟ್ಟು ಮೆತ್ತನೆಯ ಬ್ರಷ್ಷಿನಿಂದ ಹೆಚ್ಚಿನ ಪುಡಿ ಹಾರಿಸಿ. ಬೆನ್ನುಗೈಯಿಂದ ಮುಟ್ಟಿ ನೋಡಿ. ಕೈಗೆ ಬಣ್ಣ ಬಂದರೆ ಮತ್ತೊಂದು ಸಲ ಒತ್ತಿ.

ಒತ್ತುವುದರಲ್ಲಿ ಎಂಥಾ ಶಕ್ತಿ ಇದೆ ಅನ್ನೋದನ್ನ ನೋಡಬೇಕಾದರೆ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ತೆಂಕುತಿಟ್ಟು ಯಕ್ಷಗಾನದ ಚೌಕಿಗೆ ಹೋಗಬೇಕು. ಚೌಕಿ ಅಂದರೆ ಬಣ್ಣದ ಮನೆ. ಅಲ್ಲಿ ಕಲಾವಿದರಿಗೆ ಇನ್ನೊಬ್ಬರು ಬಂದು ಮುಖ ಬರೆದು ಕೊಡುವುದಿಲ್ಲ. ತಮ್ಮ ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಎಲ್ಲರಿಗಿಂತ ಮುಂಚೆ ಕೂತುಬಿಡುತ್ತಾರೆ, ಯಾಕೆಂದರೆ ಅವರ ಕೆಲಸ ಗಂಟೆಗಟ್ಟಲೆಯದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಕನ್ನಡಿ. ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಸೇರಿಸಿದ ಬಿಳಿ ಹಿಟ್ಟು ಪಕ್ಕದಲ್ಲಿ. ಸಪೂರದ ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ, ಮುಖದ ಮೇಲೆ ಒಂದು ಚುಕ್ಕಿ ಇಡುತ್ತಾರೆ. ಇಟ್ಟು, ನೆಟ್ಟಗೆ ಎತ್ತುತ್ತಾರೆ. ಎತ್ತುವಾಗ ಹಿಟ್ಟು ಎಳೆದುಕೊಂಡು ಚಿಕ್ಕ ಮುಳ್ಳಿನ ಹಾಗೆ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಒಂದು ಸಾಲು ಒಣಗಿದ ಮೇಲೆ ಅದೇ ಮುಳ್ಳಿನ ತಲೆಯ ಮೇಲೆ ಇನ್ನೊಂದು ಚುಕ್ಕಿ. ಇದಕ್ಕೆ ಚುಟ್ಟಿ ಇಡುವುದು ಅನ್ನುತ್ತಾರೆ. ಇಡುವಷ್ಟು ಹೊತ್ತು ಮಾತಿಲ್ಲ, ನಗುವಿಲ್ಲ. ಕೆನ್ನೆ ಅಲುಗಿದರೆ ಹಸಿ ಸಾಲು ಬಿರುಕು ಬಿಡುತ್ತದೆ. ನೋಡುನೋಡುತ್ತಿದ್ದಂತೆ ಮನುಷ್ಯನ ಮುಖದ ಗೆರೆಗಳೆಲ್ಲ ಮರೆಯಾಗಿ, ಕಣ್ಣೆರಡು ಮಾತ್ರ ಉಳಿದು, ಅವು ಕೂಡ ಬೇರೆ ಯಾರದೋ ಕಣ್ಣಾಗಿಬಿಡುತ್ತವೆ. ಆ ಮುಖ ಹೊತ್ತು ಕುಣಿದು, ಬೆವರಿ, ಅಬ್ಬರಿಸಿದರೂ ಚುಟ್ಟಿ ನಿಂತಿರುತ್ತದೆ. ಯಾಕೆ ನಿಲ್ಲುತ್ತದೆ? ಪ್ರತಿ ಚುಕ್ಕಿಯನ್ನೂ ಅದರ ಜಾಗದಲ್ಲಿ ಇಟ್ಟಿದ್ದಾರೆ, ಎಳೆದಿಲ್ಲ, ಒಣಗಲು ಬಿಟ್ಟಿದ್ದಾರೆ. ಒಂದು ಎಚ್ಚರಿಕೆ ಕೂಡ ಹೇಳಬೇಕು. ಹಳೇ ಕಾಲದ ಕೆಂಪು ಇಂಗಳೀಕದಲ್ಲಿ ಪಾದರಸ ಇದೆ, ಹಳದಿ ಅರದಾಳದಲ್ಲಿ ಆರ್ಸೆನಿಕ್ ಇದೆ. ಸಂಪ್ರದಾಯ ಅಂತ ಅವನ್ನು ಹುಡುಕಿ ತಂದು ಮಕ್ಕಳ ಮುಖಕ್ಕೆ ಹಚ್ಚಲೇಬೇಡಿ.

ಚೌಕಿಯ ಮಾತು ತೆಗೆದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ವಯಸ್ಸಾದ ಪಾತ್ರ. ಸೆಪ್ಟೆಂಬರ್ 15ಕ್ಕೆ ಮಗು ಸರ್ ಎಂ. ವಿಶ್ವೇಶ್ವರಯ್ಯನವರ ವೇಷ ಹಾಕುತ್ತದೆ ಅಂದುಕೊಳ್ಳಿ. ಕಪ್ಪು ಪೆನ್ಸಿಲ್ ಹಿಡಿದು ಹಣೆಗೆ ಮೂರು ಗೀಟು ಎಳೆಯಬೇಡಿ, ಅದು ವಿಭೂತಿ ಪಟ್ಟೆಯ ಹಾಗೆ ಕಾಣುತ್ತದೆ. ಮಗುವಿಗೆ ಹುಬ್ಬು ಮೇಲೆತ್ತಲು ಹೇಳಿ, ಮುಖ ಸಿಂಡರಿಸಲು ಹೇಳಿ. ಎಲ್ಲಿ ಮಡಿಕೆ ಬಿತ್ತೋ ಅಲ್ಲಿಯೇ ಗಾಢ ಪ್ಯಾನ್‌ಸ್ಟಿಕ್‌ನ ತೆಳು ಗೆರೆ, ಅದರ ಪಕ್ಕಕ್ಕೇ ತಿಳಿ ಬಣ್ಣದ ಗೆರೆ. ಗೆರೆಯ ಒಂದು ಅಂಚನ್ನು ಮಾತ್ರ ಬೆರಳ ತುದಿಯಿಂದ ಒತ್ತಿ ಮಸುಕು ಮಾಡಿ. ಪೌಡರ್ ಒತ್ತುವುದು ಇದಾದ ಮೇಲೆ. ಮೈಸೂರು ಪೇಟ ತಲೆ ಮುಚ್ಚುವುದರಿಂದ ಕಣತಲೆಯ ಬಳಿಯ ಕೂದಲು ಬಿಳಿಯಾದರೆ ಸಾಕು. ತಲೆಗೆ ಪೌಡರ್ ಸುರಿಯಬೇಡಿ, ಪೂರ್ತಿ ಕೋಟಿನ ಹೆಗಲ ಮೇಲೆ ಉದುರುತ್ತದೆ. ನೀರಿನಲ್ಲಿ ಕರಗುವ ಬಿಳಿ ಮುಖಬಣ್ಣಕ್ಕೆ ಚೂರೇ ಚೂರು ಹಳದಿ ಸೇರಿಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸವರಿ. ಬರೀ ಬಿಳಿ ಹಚ್ಚಿದರೆ ಕಪ್ಪು ಕೂದಲ ಮೇಲೆ ನೀಲಿ ಹೊಡೆಯುತ್ತದೆ.

ಮೀಸೆ. ಅಂಟು ಹಚ್ಚುವ ಜಾಗದಲ್ಲಿ ಎಣ್ಣೆ, ಕ್ರೀಮು, ಪೌಡರ್ ಏನೂ ಇರಬಾರದು. ಮೇಲ್ತುಟಿಗೆ ಸ್ಪಿರಿಟ್ ಗಮ್, ಅಂದರೆ ಮೀಸೆ ಅಂಟಿಸುವ ಗೋಂದು, ತೆಳ್ಳಗೆ ಸವರಿ, ಅರ್ಧ ನಿಮಿಷ ಕಾಯಿರಿ. ಬೆರಳಿಟ್ಟು ಎತ್ತಿದರೆ ಬೆಲ್ಲದ ಪಾಕದ ಹಾಗೆ ಜಿಗುಟು ಬರಬೇಕು. ಎಷ್ಟೋ ಜನ ಹಸಿಯಿರುವಾಗಲೇ ಅಂಟಿಸುತ್ತಾರೆ, ಅದಕ್ಕೇ ಮೊದಲ ಸಂಭಾಷಣೆಗೇ ಮೀಸೆ ಜಾರುವುದು. ಒದ್ದೆ ಬಟ್ಟೆಯ ತುಂಡಿನಿಂದ ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಬಿಡಿ ಕೂದಲಿನಿಂದ ಗಡ್ಡ ಕಟ್ಟುವುದಾದರೆ ಗದ್ದದ ಅಡಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ, ಹೆಂಚು ಹೊದಿಸುವ ಹಾಗೆ. ಉದ್ದ ಕತ್ತರಿಸುವುದು ಕೊನೆಗೆ.

ವಿಗ್ಗು. ಉದ್ದ ಕೂದಲಿದ್ದರೆ ಎರಡು ಜಡೆ ಹೆಣೆದು, ತಲೆಯ ಸುತ್ತ ಚಪ್ಪಟೆಯಾಗಿ ಸುತ್ತಿ ಪಿನ್ನು ಹಾಕಿ. ಒಂದು ಕಡೆ ತುರುಬು ಗುಬುಟಾದರೆ ವಿಗ್ಗು ವಾಲುತ್ತದೆ. ಮೇಲೆ ಬಲೆ ಟೋಪಿ. ವಿಗ್ಗನ್ನು ಹಣೆಯಿಂದ ಹಿಂದಕ್ಕೆ ಹಾಕಿಕೊಳ್ಳಿ. ಹುಬ್ಬಿನಿಂದ ನಾಲ್ಕು ಬೆರಳು ಜಾಗ ಇರಲಿ, ಇಲ್ಲದಿದ್ದರೆ ಹಣೆಯೇ ಇಲ್ಲದ ಮುಖವಾಗುತ್ತದೆ. ಪಿನ್ನು ನಾಲ್ಕು ಕಡೆ, ಎರಡು ಕಣತಲೆಯ ಹತ್ತಿರ, ಎರಡು ಕಿವಿಯ ಹಿಂದೆ. ಪಿನ್ನಿನ ಅಂಕುಡೊಂಕು ಮಗ್ಗುಲು ತಲೆಯ ಕಡೆಗಿರಬೇಕು, ಹಿಡಿತ ಅದರದೇ. ತಲೆ ಬಗ್ಗಿಸಿ, ಕೊಡವಿ ನೋಡಿ. ಒನಕೆ ಓಬವ್ವನ ಪಾತ್ರದ ಹುಡುಗಿ ಒನಕೆ ಎತ್ತಿ ಬೀಸಿಯೇ ನೋಡಬೇಕು. ನೈಲಾನ್ ವಿಗ್ಗಿಗೆ ಬಿಸಿ ಇಸ್ತ್ರಿ ಕಡ್ಡಿ ತಾಗಿಸಬೇಡಿ, ಕರಗಿ ಗಂಟಾಗುತ್ತದೆ.

ಎಲ್ಲ ಮುಗಿದ ಮೇಲೆ ಹದಿನೈದು ಅಡಿ ದೂರ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆಸಿ. ಬಚ್ಚಲ ಕನ್ನಡಿಯ ಮುಂದೆ ಜೋರಾಗಿ ಕಂಡ ಬಣ್ಣ ಅಲ್ಲಿಂದ ಎಷ್ಟೋ ಸಲ ಸಾಲದೇ ಹೋಗುತ್ತದೆ. ಕಾರ್ಯಕ್ರಮ ಹಗಲು ಶಾಮಿಯಾನದಲ್ಲಿ ಇದ್ದರೆ, ಕೆಂಪು ಬಟ್ಟೆಯ ಬೆಳಕಿಗೆ ಮುಖವೆಲ್ಲ ಕೆಂಪಾಗುತ್ತದೆ. ಆ ಬೆಳಕಿನಲ್ಲಿ ಕೆನ್ನೆಗೆ ಹಚ್ಚಿದ ಕೆಂಪು ಬೇರೆಯಾಗಿ ಎದ್ದು ಕಾಣುವುದಿಲ್ಲ.

ತೆಗೆಯುವಾಗಲೂ ಅದೇ ಮಾತು. ಗಮ್ ಹಚ್ಚಿದ ಕಡೆ ಅದನ್ನು ಕರಗಿಸುವ ದ್ರಾವಣವನ್ನೇ ಹತ್ತಿಯಲ್ಲಿ ಅದ್ದಿ ಅಂಚಿಗೆ ಒತ್ತಿ, ಬಿಡುವವರೆಗೆ ಕಾಯಿರಿ. ಕಿತ್ತರೆ ಮೀಸೆಯ ಜೊತೆ ಚರ್ಮವೂ ಬರುತ್ತದೆ. ಮುಖಕ್ಕೆ ಎರಡು ಚಮಚ ಕೊಬ್ಬರಿ ಎಣ್ಣೆ ಹಚ್ಚಿ ಒಂದು ನಿಮಿಷ ಬಿಡಿ, ಹತ್ತಿ ಬಟ್ಟೆ ಒತ್ತಿ ಒತ್ತಿ ತೆಗೆಯಿರಿ, ಆಮೇಲೆ ಉಗುರುಬೆಚ್ಚಗಿನ ನೀರು, ಸೋಪು. ವಿಗ್ಗನ್ನು ತುದಿಯಿಂದ ಬುಡದ ಕಡೆಗೆ ಬಾಚಿ, ಬೋರಲು ಹಾಕಿದ ದೊಡ್ಡ ಚೊಂಬಿನ ಮೇಲೆ ಕೂರಿಸಿಡಿ. ಬಾಡಿಗೆಗೆ ತಂದಿದ್ದಾದರೆ ಬೆವರು ಆರಿದ ಮೇಲೆಯೇ ವಾಪಸ್ ಕೊಡಿ.

ನಮಸ್ಕಾರ.