ಪೆಟ್ಟಿಗೆಯಲ್ಲಿ ಕುಳಿತ ರಾಕ್ಷಸ

ನಮಸ್ಕಾರ. ಕಾದಂಬರಿ ಬರೆಯಲು ಆಗುತ್ತಿಲ್ಲ ಎಂಬ ಒಂದೇ ಸಂಕಟವನ್ನು ಒಬ್ಬ ಮನುಷ್ಯ ಹೆಚ್ಚುಕಡಿಮೆ ಒಂದೂವರೆ ಗಂಟೆ ಕುಳಿತಲ್ಲೇ ಹೇಳಿಕೊಳ್ಳುವ ಸಿನಿಮಾವೊಂದಿದೆ. 1992ರಲ್ಲಿ ನಿಕ್ ಬ್ರೂಮ್‌ಫೀಲ್ಡ್ ನಿರ್ದೇಶಿಸಿದ 'ಮಾನ್‌ಸ್ಟರ್ ಇನ್ ಎ ಬಾಕ್ಸ್' ಅದು; ಮಾತನಾಡುವವರು ಅಮೆರಿಕದ ರಂಗನಟ ಸ್ಪಾಲ್ಡಿಂಗ್ ಗ್ರೇ. ಮೇಜು, ಕುರ್ಚಿ, ಲೋಟದಲ್ಲಿ ನೀರು, ಒಂದು ನೋಟ್‌ಬುಕ್ಕು, ಪಕ್ಕದಲ್ಲೊಂದು ಪೆಟ್ಟಿಗೆ. ಅದರಲ್ಲಿರುವುದು ಅವರು ಬರೆಯುತ್ತಿದ್ದ ಕಾದಂಬರಿಯ 1,900 ಪುಟಗಳ ಹಸ್ತಪ್ರತಿ. ಹೆಸರಿನಲ್ಲಿರುವ ರಾಕ್ಷಸ ಅದೇ.

ಬರೆಯಲಾಗದವರಿಗೆ ಮಾತು ಹೊಳೆಯುವುದಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಗ್ರೇ ಅವರ ಕಷ್ಟ ತದ್ವಿರುದ್ಧವಾದದ್ದು: ಮಾತು ನಿಲ್ಲುತ್ತಲೇ ಇರಲಿಲ್ಲ. ಕಾದಂಬರಿಯ ಬೀಜ ಅವರ ಬದುಕಿನಲ್ಲೇ ಇತ್ತು. 1967ರಲ್ಲಿ ಅವರು ಮೆಕ್ಸಿಕೋದಲ್ಲಿದ್ದಾಗ ಊರಿನಲ್ಲಿ ತಾಯಿ ಆತ್ಮಹತ್ಯೆ ಮಾಡಿಕೊಂಡರು. ಆ ಮಗನಿಗೆ ಬ್ರೂಸ್ಟರ್ ನಾರ್ತ್ ಎಂದು ಬೇರೆ ಹೆಸರಿಟ್ಟು ಕಥೆಯಾಗಿಸಲು ಹೊರಟರೆ, ಪುಟಗಳು ಬೆಳೆದವೇ ಹೊರತು ದಡ ಕಾಣಲಿಲ್ಲ.

ಸಿನಿಮಾದಲ್ಲಿ ಅವರು ಹೇಳುವುದು ಬರೆಯದೆ ತಪ್ಪಿಸಿಕೊಂಡು ತಿರುಗಿದ ಕಥೆಗಳನ್ನೇ: ಲಾಸ್ ಏಂಜಲೀಸ್, ನಿಕರಾಗುವಾ, ಸೋವಿಯತ್ ದೇಶ, ಕೊನೆಗೆ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ತಾವು ನಟಿಸಿದ 'ಅವರ್ ಟೌನ್' ನಾಟಕ. ಆ ನಾಟಕದ ಸ್ಮಶಾನ ದೃಶ್ಯದಲ್ಲಿ, ಸತ್ತವರ ಸಾಲಿನಲ್ಲಿ ಅಲುಗಾಡದೆ ಕೂರಬೇಕಿದ್ದ ಬಾಲನಟನೊಬ್ಬ ಒಂದು ದಿನ ರಂಗದ ಮೇಲೆಯೇ ವಾಂತಿ ಮಾಡಿಕೊಂಡುಬಿಟ್ಟ. ಈ ಪ್ರಸಂಗವನ್ನು ಗ್ರೇ ಹೇಳುವಾಗ ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ತಾಯಿಯ ಸಾವನ್ನು ಬರೆಯಲಾಗದ ಮಗನೊಬ್ಬ ಸತ್ತವರ ಸಾಲಿನ ಎದುರು ನಿಂತಿದ್ದ ಎಂಬುದು ಹೊಳೆದದ್ದು ಎರಡನೆಯ ಸಲ ನೋಡಿದಾಗ.

ಗ್ರೇ ಈ ಏಕಪಾತ್ರ ನಿರೂಪಣೆಗಳನ್ನು ಮೊದಲು ಬರೆದುಕೊಂಡು ಒಪ್ಪಿಸುತ್ತಿರಲಿಲ್ಲ. ಟಿಪ್ಪಣಿ ಇಟ್ಟುಕೊಂಡು ಪ್ರೇಕ್ಷಕರ ಮುಂದೆ ಮಾತನಾಡುವುದು, ಅದನ್ನು ಧ್ವನಿಮುದ್ರಿಸಿ ಕೇಳುವುದು, ಮರುದಿನ ತಿದ್ದಿಕೊಂಡು ಮತ್ತೆ ಮಾತನಾಡುವುದು, ಹೀಗೆ ಅವು ಬೆಳೆಯುತ್ತಿದ್ದವು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ತೀರಾ ಹೊಸತೆನಿಸಲಾರದು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ರಣರಂಗ ಕಟ್ಟುವ ಅರ್ಥಧಾರಿಯೂ ಸಭೆಯ ಮುಖ ನೋಡಿ ಮಾತನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಆದರೆ ಅವನ ಹಿಂದೆ ಭಾಗವತರ ಪದ್ಯವಿದೆ, ಎದುರಿಗೆ ಇನ್ನೊಬ್ಬ ಅರ್ಥಧಾರಿ ಇದ್ದಾನೆ, ಪ್ರಸಂಗ ಎಲ್ಲಿ ಮುಗಿಯಬೇಕೆಂಬುದು ಎಲ್ಲರಿಗೂ ಗೊತ್ತಿದೆ. ಗ್ರೇ ಅವರಿಗೆ ಸಭೆ ಮಾತ್ರವಿತ್ತು. ಕಾದಂಬರಿಗೆ ಕುಳಿತಾಗ ಅದೂ ಇರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಹೇಳುತ್ತಿದ್ದದ್ದು ಕೇಳುಗರ ನಗು ಮತ್ತು ಮೌನ. ಕಾಗದ ನಗುವುದಿಲ್ಲ, ಎದ್ದು ಹೋಗುವುದೂ ಇಲ್ಲ. 1,900 ಪುಟಗಳಾದದ್ದು ಅದಕ್ಕೇ ಎಂಬುದು ನನ್ನ ಅನುಮಾನ.

ಇದನ್ನು ಸೋಮಾರಿಯ ಜಾಣ ನೆಪ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಆ ಹಸ್ತಪ್ರತಿ ಬಹಳಷ್ಟು ಸಣ್ಣದಾಗಿ, 'ಇಂಪಾಸಿಬಲ್ ವೆಕೇಶನ್' ಎಂಬ ಹೆಸರಿನಲ್ಲಿ ಅದೇ 1992ರಲ್ಲಿ ಅಚ್ಚಾಯಿತು. ಆದರೂ ನನ್ನನ್ನು ಕೇಳಿದರೆ, ಕಾದಂಬರಿಗಿಂತ ಅದನ್ನು ಬರೆಯಲಾಗದ ಕಥೆಯೇ ಒಂದು ತೂಕ ಹೆಚ್ಚು. ಕಾದಂಬರಿಯಲ್ಲಿ ಬ್ರೂಸ್ಟರ್‌ನ ಹಿಂದೆ ಅವಿತುಕೊಂಡ ಮನುಷ್ಯ ಇಲ್ಲಿ ಮೇಜಿನ ಮುಂದೆ ಬಂದು ಕುಳಿತಿದ್ದಾನೆ.

ನನ್ನ ಅಟ್ಟದ ಮೇಲೂ ಒಂದು ರೆಕ್ಸಿನ್ ಚೀಲವಿದೆ, ಅದರೊಳಗೆ ಇನ್ನೂರು ಪುಟದ ನಾಲ್ಕು ನೋಟ್‌ಬುಕ್ಕುಗಳು. ಅಜ್ಜನ ಮನೆ ಮಾರಿದ ದಿನದ ಅಧ್ಯಾಯ ಮೂರು ವರ್ಷದಿಂದ ಅಲ್ಲೇ ನಿಂತಿದೆ. ಅದೇ ದಿನದ ಕಥೆಯನ್ನು ಮೊನ್ನೆ ಊಟಕ್ಕೆ ಕುಳಿತಾಗ ತಂಗಿಯ ಮಗಳಿಗೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಬೀಗದ ಕೈ ಕೊಡುವಾಗ ಅಜ್ಜ ಯಾಕೆ ಬಾವಿಯ ಕಡೆ ನೋಡಿದರು ಎಂದು ಅವಳು ಕೇಳಿದಳು. ನೋಟ್‌ಬುಕ್ಕಿನಲ್ಲಿ ಆ ಬಾವಿಯೇ ಇಲ್ಲ.