ಕಾಲು ತಡೆದ ಕಡೆ ಬೋರ್ಡು

ನಮಸ್ಕಾರ. ನಾನು ಮುಂಬೈಯ ಮಾಟುಂಗಾದವನು, ಕಟ್ಟಡಗಳಿಗೆ ದಾರಿ ತೋರಿಸುವ ಬೋರ್ಡು ಮಾಡುವುದು ನನ್ನ ಕಸುಬು.

ನಮ್ಮ ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ರೈಲ್ವೆ ಸ್ಟೇಷನ್ ನೋಡಿದ್ದೀರಲ್ವಾ? 1888ರಲ್ಲಿ ಕಟ್ಟಿ ಮುಗಿಸಿದ್ದು. ಹೆಸರು 1996ರಲ್ಲೇ ಛತ್ರಪತಿ ಶಿವಾಜಿ ಟರ್ಮಿನಸ್ ಅಂತ ಬದಲಾಯಿತು, 2017ರಲ್ಲಿ 'ಮಹಾರಾಜ್' ಸೇರಿತು, ಟ್ಯಾಕ್ಸಿಯವನ ಬಾಯಲ್ಲಿ ಈಗಲೂ ವಿ.ಟಿ.ನೇ. ಅಲ್ಲಿನ ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. 'ಸಿಂಹದ ಹತ್ರ ನಿಂತಿರು' ಅಂದರೆ ಸಾಕು, ಓದು ಬಾರದವರೂ ಬಂದು ಸೇರುತ್ತಾರೆ. ಹಳೇ ಕಟ್ಟಡಕ್ಕೆ ಬೋರ್ಡು ಹಾಕುವ ಮೊದಲು ನಾನು ಇಂಥದ್ದನ್ನೇ ಹುಡುಕುತ್ತೇನೆ.

ಆದರೆ ನಾನೂ ತಪ್ಪು ಮಾಡಿದವನೇ. ದುರಸ್ತಿಯಾದ ಒಂದು ಹಳೇ ಕಟ್ಟಡ, ಹೆಸರು ಬೇಡ. ಖಾಲಿ ಗೋಡೆ ಕಂಡಲ್ಲೆಲ್ಲ ಕಲ್ಲಿಗೆ ಡ್ರಿಲ್ ಹಾಕಿ ಕಬ್ಬಿಣದ ಬೋಲ್ಟು ಬಿಗಿದೆ. ಸಮುದ್ರದ ಉಪ್ಪುಗಾಳಿ ಬೇರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟಿನಿಂದ ಕೆಳಕ್ಕೆ ಕಂದು ಕಣ್ಣೀರು ಇಳಿದಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದರೆ ಸುತ್ತಲ ಕಲ್ಲು ಚಕ್ಕೆ ಏಳುತ್ತದೆ. ನೂರು ವರ್ಷ ನಿಂತ ಕಲ್ಲನ್ನು ನಾನು ಒಂದು ಬಾಣದ ಗುರುತಿಗಾಗಿ ಕೆಡಿಸಿದ್ದೆ. ಈಗ ಕಲ್ಲು ಮುಟ್ಟುವುದಿಲ್ಲ. ನೆಲದ ಮೇಲೆ ಭಾರದ ಸ್ಟ್ಯಾಂಡು ಇಡುತ್ತೇನೆ, ತೀರಾ ಬೇಕಾದರೆ ಕಲ್ಲುಗಳ ನಡುವಿನ ಸುಣ್ಣದ ಸಂದಿಯಲ್ಲಿ ಸ್ಟೇನ್‌ಲೆಸ್ ಸ್ಕ್ರೂ, ನಾಳೆ ತೆಗೆದರೆ ಸುಣ್ಣ ಮೆತ್ತಿದರೆ ಆಯಿತು.

ಬೋರ್ಡಿಗೆ ಸರಿಯಾದ ಜಾಗ ತೋರಿಸಿಕೊಟ್ಟವನು ಆ ಹಳೇ ಕಟ್ಟಡದ ವಾಚ್‌ಮನ್, ಕಲಬುರಗಿ ಕಡೆಯವನು. 'ಎಲ್ಲಾರೂ ಆ ಕಂಬದ ಹತ್ರ ನಿಂತು ನನ್ನ ಮಾರಿ ನೋಡ್ತಾರ್ರೀ' ಅಂದ. ಮೆಟ್ಟಿಲ ಮೇಲೆ ಎರಡು ದಿನ ಸುಮ್ನೆ ಕೂತು ನೋಡಿದೆ. ಅವನು ಹೇಳಿದ್ದು ನಿಜ. ದೊಡ್ಡ ಬಾಗಿಲು ಮುಚ್ಚಿ ಪಕ್ಕದ ಬಾಗಿಲಿಂದ ಜನರನ್ನು ಬಿಡುತ್ತಿದ್ದರು, ಒಳಗೆ ಬಂದವರಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದೂ ಇತಿಹಾಸ ಅಲ್ಲ, ಟಾಯ್ಲೆಟ್ ಎಲ್ಲಿ, ಲಿಫ್ಟ್ ಎಲ್ಲಿ.

ಅಕ್ಷರದ್ದು ಇನ್ನೊಂದು ಗೋಳು. ಮರಾಠಿ, ಇಂಗ್ಲಿಷ್ ಎರಡನ್ನೂ ಒಂದೇ ಅಳತೆಯಲ್ಲಿ ಕೂರಿಸಿದರೆ ಮರಾಠಿ ಚಿಕ್ಕದಾಗಿ ಕಾಣುತ್ತದೆ, ಅಕ್ಷರದ ಮೇಲೆ ಬರುವ ಮಾತ್ರೆಯ ಗೆರೆಗೂ ಕೆಳಗಿನ ಉಕಾರಕ್ಕೂ ಜಾಗ ಬೇಕಲ್ಲ. ಹಾಗಾಗಿ ಅದನ್ನು ಸ್ವಲ್ಪ ದೊಡ್ಡದು ಮಾಡಿ ಸಾಲುಗಳ ನಡುವೆ ಜಾಸ್ತಿ ಜಾಗ ಬಿಡುತ್ತೇನೆ.

ಕೊನೆಗೆ ಆ ಕಂಬದ ಬಳಿಯೇ ಒಂದು ಸ್ಟ್ಯಾಂಡು ನಿಲ್ಲಿಸಿದೆವು. ಮೊನ್ನೆ ಮಳೆಯಲ್ಲಿ ಹೋಗಿದ್ದೆ. ಯಾರೋ ಪುಣ್ಯಾತ್ಮರು ಅದಕ್ಕೆ ಒದ್ದೆ ಛತ್ರಿ ತೂಗುಹಾಕಿದ್ದರು, ಬಾಣದ ಗುರುತು ಪೂರ್ತಿ ಮುಚ್ಚಿಹೋಗಿತ್ತು. ಜನ ಮತ್ತೆ ವಾಚ್‌ಮನ್ ಮುಖ ನೋಡುತ್ತಿದ್ದರು.