ಅಂಗಳವಿಲ್ಲದ ಮನೆಯಲ್ಲಿ ಏಳು ಮಂದಿ

[ದೃಶ್ಯ: ಮಲ್ಪೆ ಬಂದರು, ಮುಸ್ಸಂಜೆ. ಬೋಟಿಗೆ ಮಂಜುಗಡ್ಡೆ, ನೀರು ತುಂಬಿಸುತ್ತಿದ್ದಾರೆ.]

ನಮಸ್ಕಾರ. ಆಳಸಮುದ್ರಕ್ಕೆ ಹೊರಟ ಈ ಬೋಟು ಮರಳುವುದು ಹತ್ತು ದಿನಗಳ ಮೇಲೆ. ಅಷ್ಟಕ್ಕೂ ಬೇಕಾದ ಕುಡಿಯುವ ನೀರು ಇಲ್ಲಿಂದಲೇ ಹೋಗಬೇಕು. ಸುತ್ತಲೂ ಕಡಲಿದ್ದರೂ ಒಂದು ಲೋಟ ಕುಡಿಯಲು ಬಾರದು.

ಈಗ ತಲೆಯೆತ್ತಿ ನೋಡಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ತಂಡವಿದೆ. ಸಾಮಾನ್ಯವಾಗಿ ಏಳು ಮಂದಿ, ಹೆಚ್ಚಿನವರಿಗೆ ಆರು ತಿಂಗಳ ವಾಸ. 2000ದ ನವೆಂಬರ್ 2ರಂದು ಮೊದಲ ಮೂವರು ಕಾಲಿಟ್ಟ ಮೇಲೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಂದು ದಿನವೂ ಖಾಲಿ ಬಿದ್ದಿಲ್ಲ. ಅವರು ಕುಡಿಯುವ ನೀರು ಎಲ್ಲಿಯದು?

ಬಹುಪಾಲು ಅವರದೇ ಮೈಯಿಂದ ಬಂದದ್ದು.

[ದೃಶ್ಯ: ನಿಲ್ದಾಣದ ನೀರು ಶುದ್ಧೀಕರಣ ಯಂತ್ರದ ರೇಖಾಚಿತ್ರ.]

ಏಪ್ರಿಲ್ ತಿಂಗಳ ಉಡುಪಿಯಲ್ಲಿ ಬೆವರು ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತೂಕವಿಲ್ಲದ ನಿಲ್ದಾಣದಲ್ಲಿ ಬೆವರು ಹನಿಯಾಗಿ ಇಳಿಯುವುದಿಲ್ಲ, ಚರ್ಮಕ್ಕೆ ಪದರವಾಗಿ ಅಂಟಿಕೊಳ್ಳುತ್ತದೆ. ಟವೆಲಿನಲ್ಲಿ ಒರೆಸಿ ಒಣಗಲು ಬಿಡುತ್ತಾರೆ. ಆ ತೇವವನ್ನೂ ಉಸಿರಿನ ತೇವವನ್ನೂ ಯಂತ್ರ ತಣಿಸಿ ನೀರಾಗಿಸುತ್ತದೆ. ಮೂತ್ರವನ್ನು ಬಟ್ಟಿ ಇಳಿಸಲಾಗುತ್ತದೆ. 2023ರಲ್ಲಿ ಈ ವ್ಯವಸ್ಥೆ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆದು ತೋರಿಸಿತು.

ದಯವಿಟ್ಟು ಮುಖ ಸಿಂಡರಿಸಬೇಡಿ. ಜೂನ್‌ನಲ್ಲಿ ನಮ್ಮ ಹೆಂಚಿನ ಮೇಲೆ ಸುರಿಯುವ ಮಳೆಯೂ ಎಂದೋ ಯಾರದೋ ಬೆವರಾಗಿತ್ತು. ಕಡಲು, ಬಿಸಿಲು, ಘಟ್ಟ ಸೇರಿ ಮಾಡುವ ಕೆಲಸವನ್ನು ಅಲ್ಲಿ ಕಪಾಟಿನಂಥ ಯಂತ್ರಗಳು ಮಾಡುತ್ತವೆ. ನನಗೆ ಇದು ರಾಕೆಟ್‌ಗಿಂತ ದೊಡ್ಡ ಸಾಧನೆ. ಆ ಯಂತ್ರ ಕೆಟ್ಟರೆ, ನಡುಗಡಲಲ್ಲಿ ಎಂಜಿನ್ ನಿಂತ ಬೋಟಿನವರಂತೆ, ಇದ್ದವರೇ ಬಿಚ್ಚಿ ನೋಡಬೇಕು. ವೈದ್ಯರಿರಲಿ, ವಿಜ್ಞಾನಿಯಿರಲಿ, ಪೈಲಟ್ ಇರಲಿ, ಸ್ಪ್ಯಾನರ್ ಹಿಡಿಯಲು ಬರಲೇಬೇಕು.

ನಿದ್ದೆಗೂ ಯಂತ್ರವೇ ಕಾವಲು. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇರುವುದಿಲ್ಲ. ಫ್ಯಾನ್ ನಿಂತರೆ ಬಿಟ್ಟ ಉಸಿರು ಮಲಗಿದವರ ಮುಖದ ಸುತ್ತಲೇ ಉಳಿಯುತ್ತದೆ. ಹಾಗಾಗಿ ಆ ಮನೆಯಲ್ಲಿ ಫ್ಯಾನಿನ ಸದ್ದು ಎಂದೂ ಅಡಗುವುದಿಲ್ಲ.

ಊಟದ ಬಗ್ಗೆ ಒಂದೇ ಮಾತು. ಬ್ರೆಡ್ಡಿನ ಪುಡಿ ತೇಲಿ ಕಣ್ಣಿಗೂ ಉಪಕರಣಗಳಿಗೂ ಹೊಗುತ್ತದೆಂದು ಅಲ್ಲಿ ಚಪಾತಿಯಂಥ ಮೆತ್ತಗಿನ ಟೋರ್ಟಿಯಾ ತಿನ್ನುತ್ತಾರೆ. ನಮ್ಮ ನೀರುದೋಸೆ ನಡೆದೀತು, ಕೋರಿ ರೊಟ್ಟಿ ಖಂಡಿತ ನಡೆಯದು.

[ದೃಶ್ಯ: ಮೊಳಕೆಯೊಡೆಯುತ್ತಿರುವ ಹೆಸರುಕಾಳು.]

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದ ಮೊದಲ ಭಾರತೀಯರಾದರು. ಅವರು ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯೆಯ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು. ಮುಂದೆ ದೂರದ ಯಾನಗಳಲ್ಲಿ ತಾಜಾ ಸೊಪ್ಪು, ಮೊಳಕೆ ಸಿಗಬೇಕಾದರೆ ಇಂಥ ತಟ್ಟೆಗಳಿಂದಲೇ ಶುರುವಾಗಬೇಕು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಇನ್ನೂ ಹಾಗೆಯೇ ಇದೆ.

[ದೃಶ್ಯ: ಕತ್ತಲಾಗುತ್ತಿರುವ ಕಡಲು, ಆಕಾಶದಲ್ಲಿ ಚಲಿಸುವ ಚುಕ್ಕೆ.]

ನಿಲ್ದಾಣವನ್ನು ಮಲ್ಪೆಯ ಮರಳಿನಲ್ಲಿ ನಿಂತೇ ನೋಡಬಹುದು, ದುರ್ಬೀನು ಬೇಡ. ನಮಗೆ ಕತ್ತಲು ಕವಿದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಮಿನುಗದೆ, ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಹಾದುಹೋಗುತ್ತದೆ. ಅಲ್ಲಿನ ಗಡಿಯಾರ ಗ್ರೀನಿಚ್ ಸಮಯದ್ದು. ನಮಗೆ ಸಂಜೆ ಏಳಾದಾಗ ಅವರಿಗೆ ಮಧ್ಯಾಹ್ನ ಒಂದೂವರೆ, ಕೆಲಸದ ಹೊತ್ತು. ಆ ಚುಕ್ಕೆಯೊಳಗೆ ಒಬ್ಬರು ಮೂಳೆ ಸವೆಯದಿರಲೆಂದು ಟ್ರೆಡ್‌ಮಿಲ್‌ಗೆ ಬೆಲ್ಟ್ ಬಿಗಿದುಕೊಂಡು ಓಡುತ್ತಿರಬಹುದು. ಇನ್ನೊಬ್ಬರು ನೀರಿನ ಫಿಲ್ಟರ್ ಬದಲಿಸುತ್ತಿರಬಹುದು.